ಹುಟ್ಟು ಹಿಡಿಯುವ ಮುನ್ನ: ರಾಜ್ಯೋತ್ಸವದ ಸಾಮೂಹಿಕ ಜಲಯಾನಕ್ಕೆ ಗ್ರಾಮ ಪಂಚಾಯಿತಿಗಳ ಸಿದ್ಧತೆ

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ನಾಡು 1956ರ ನವೆಂಬರ್ 1ರಂದು ಒಂದು ರಾಜ್ಯವಾಯಿತು. ಅಂದು ವಿಶಾಲ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾಗಿ ಅಧಿಕಾರ ವಹಿಸಿಕೊಂಡವರು, ಚಿತ್ರದುರ್ಗದಲ್ಲಿ ವಕೀಲಿ ವೃತ್ತಿ ನಡೆಸಿ ಅಲ್ಲಿಯೇ ಬಾಳಿದ ಎಸ್. ನಿಜಲಿಂಗಪ್ಪನವರು. ಡಿ. ದೇವರಾಜ ಅರಸು ಅವರ ಆಡಳಿತದಲ್ಲಿ, 1973ರ ನವೆಂಬರ್ 1ರಂದು, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಆ ಹೆಸರಿಗೆ 2023ರಲ್ಲಿ 50 ವರ್ಷ ತುಂಬಿದವು. 2026ರ ನವೆಂಬರ್ 1ಕ್ಕೆ ಏಕೀಕರಣಕ್ಕೆ 70 ವರ್ಷ ತುಂಬುತ್ತವೆ.

ಆ ವರ್ಷದ ರಾಜ್ಯೋತ್ಸವವನ್ನು ಧ್ವಜಾರೋಹಣ, ಮೆರವಣಿಗೆ, ಸನ್ಮಾನಗಳ ಜೊತೆಗೆ ಮತ್ತೊಂದು ಬಗೆಯಲ್ಲಿಯೂ ಆಚರಿಸಲು ಅವಕಾಶವಿದೆ. ನಾಲ್ಕು ತಾಲ್ಲೂಕುಗಳ ಪಂಚಾಯಿತಿ ಸದಸ್ಯರು, ಸ್ವಸಹಾಯ ಸಂಘಗಳ ಮಹಿಳೆಯರು ಮತ್ತು ಯುವಜನರು ಒಂದು ಬೆಳಗ್ಗೆ ವಾಣಿವಿಲಾಸ ಸಾಗರದ ಹಿನ್ನೀರಿನಲ್ಲಿ ತಾವೇ ಹುಟ್ಟು ಹಾಕುತ್ತ ಹರಿಗೋಲುಗಳಲ್ಲಿ ಸಾಗುವುದೇ ಆ ಬಗೆ. ಹಂಪಿಯ ಬಳಿ ತುಂಗಭದ್ರೆಯಲ್ಲಿ ಹರಿಗೋಲು ಇಂದಿಗೂ ಸಾಗುತ್ತಿದೆ. ಅದೇ ತುಂಗಭದ್ರೆಯನ್ನು ಸೇರುವ ವೇದಾವತಿಯ ಮೇಲೆ ಇಂಥದೊಂದು ಯಾನ ಅಸಾಧ್ಯವೇನಲ್ಲ.

ಆದರೆ ಈ ಕಾರ್ಯಕ್ರಮವನ್ನು ಅಳೆಯುವ ಅಳತೆಗೋಲು ಬೇರೆ. ಎಷ್ಟು ಜನ ಸೇರಿದರು, ಎಷ್ಟು ಬಾವುಟ ಹಾರಿದವು ಎಂಬುದು ಇಲ್ಲಿ ಮುಖ್ಯವಲ್ಲ. ನೀರಿಗಿಳಿದವರ ಸಂಖ್ಯೆ ಮತ್ತು ದಡಕ್ಕೆ ಮರಳಿದವರ ಸಂಖ್ಯೆ ಒಂದೇ ಆಗಿರಬೇಕು. ಆ ಸಮಸಂಖ್ಯೆಯನ್ನು ಖಚಿತಪಡಿಸಲಾರದ ಪಂಚಾಯಿತಿ ದಡದಲ್ಲಿಯೇ ಹಬ್ಬ ಮಾಡುವುದು ಮೇಲು. ಮುಂದಿನ ಮಾತುಗಳೆಲ್ಲವೂ ಈ ಒಂದು ಮಾತಿನ ವಿವರಣೆ.

ಈ ನದಿಯೇ ಏಕೆ

ವೇದಾ ಮತ್ತು ಅವತಿ ಎಂಬ ಎರಡು ತೊರೆಗಳು ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಹುಟ್ಟಿ ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ನದಿ ಹೊಸದುರ್ಗ ತಾಲ್ಲೂಕಿನ ಕೆಲ್ಲೋಡನ್ನು ಹಾದು, ಮಾರಿಕಣಿವೆಯಲ್ಲಿ ತಡೆಗೊಂಡು, ಹಿರಿಯೂರು ಪಟ್ಟಣವನ್ನು ಮುಟ್ಟಿ, ಚಳ್ಳಕೆರೆಯತ್ತ ಸಾಗುತ್ತದೆ. ಮುಂದೆ ಆಂಧ್ರಪ್ರದೇಶದ ಅನಂತಪುರ ಸೀಮೆಯನ್ನು ಹೊಕ್ಕು, ಹಗರಿಯೆಂಬ ಹೆಸರಿನಿಂದ ಮರಳಿ ಬಳ್ಳಾರಿಯ ಕಡೆ ಬಂದು, ತುಂಗಭದ್ರೆಯಲ್ಲಿ ಲೀನವಾಗುತ್ತದೆ. ಏಕೀಕರಣಕ್ಕೆ ಮುನ್ನ ಇದರ ಮೇಲ್ಭಾಗ ಮೈಸೂರು ಸಂಸ್ಥಾನದಲ್ಲಿಯೂ, ಕೆಳಭಾಗ ಮದ್ರಾಸಿನ ಆಡಳಿತದಲ್ಲಿಯೂ ಇತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರನ್ನು ಸೇರಿತು. ಮೂರು ವರ್ಷಗಳ ತರುವಾಯ ಇಡೀ ನಾಡು ಕೂಡಿತು. ಗಡಿಗಳು ಬದಲಾದಾಗಲೂ ನದಿ ತನ್ನ ಪಾತ್ರದಲ್ಲಿಯೇ ಹರಿಯಿತು. ಏಕೀಕರಣದ ಸ್ಮರಣೆಗೆ ಈ ಜಿಲ್ಲೆಯಲ್ಲಿ ಇದಕ್ಕಿಂತ ತಕ್ಕ ತಾಣವನ್ನು ಕಾಣುವುದು ಕಷ್ಟ.

ಮಾರಿಕಣಿವೆಯ ಅಣೆಕಟ್ಟಿನ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಬಾಲಕ ನಾಲ್ವಡಿ ಕೃಷ್ಣರಾಜ ಒಡೆಯರ ಪರವಾಗಿ ರಾಜ್ಯಭಾರ ನಡೆಸುತ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರೇ ಜಲಾಶಯಕ್ಕೆ ಬಂದಿತು. ಇದರ ಪೂರ್ಣಮಟ್ಟ 130 ಅಡಿ, ಸಾಮರ್ಥ್ಯ ಸುಮಾರು 30 ಟಿಎಂಸಿ ಅಡಿ. ಒಂದು ಟಿಎಂಸಿ ಅಡಿಯೆಂದರೆ ಸುಮಾರು 2,831 ಕೋಟಿ ಲೀಟರ್ ನೀರು. ಹಿರಿಯೂರು ಸೀಮೆಯ ತೋಟಗಳೂ, ಚಿತ್ರದುರ್ಗ ನಗರದ ನಲ್ಲಿಗಳೂ ಈ ನೀರನ್ನು ಕಂಡಿವೆ. ಆದುದರಿಂದ ನದಿದಡದಲ್ಲಿಲ್ಲದ ಚಿತ್ರದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಪಂಚಾಯಿತಿಗಳೂ ಈ ಯಾನದಲ್ಲಿ ಅತಿಥಿಗಳಲ್ಲ, ಪಾಲುದಾರರು. ಸೀಬಾರದಲ್ಲಿರುವ ನಿಜಲಿಂಗಪ್ಪನವರ ಸ್ಮಾರಕಕ್ಕೆ ನಮಿಸಿ ಚಿತ್ರದುರ್ಗದ ತಂಡ ಹೊರಟರೆ, ನೆಲದ ಪಯಣಕ್ಕೂ ನೀರಿನ ಪಯಣಕ್ಕೂ ಒಂದೇ ಅರ್ಥ ಕೂಡಿಬರುತ್ತದೆ.

ನೀರು ಕಂಡರಿಯದ ತಲೆಮಾರು

ಜಲಾಶಯವು 1933ರಲ್ಲಿ ಮೊದಲ ಬಾರಿಗೆ ತುಂಬಿ ಕೋಡಿ ಹರಿಯಿತು. ಎರಡನೆಯ ಬಾರಿಗೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ನೀರು ಹರಿಯತೊಡಗಿದ ಮೇಲೆ 2025ರ ಜನವರಿಯಲ್ಲಿ ಮೂರನೆಯ ಬಾರಿ ಕೋಡಿ ಬಿದ್ದಿತು. ಜನರು ಸಂಭ್ರಮದಿಂದ ನೋಡಲು ಬಂದರು, ಬಾಗಿನ ಅರ್ಪಿತವಾಯಿತು.

ಈ ಲೆಕ್ಕದ ಇನ್ನೊಂದು ಮುಖವನ್ನೂ ಪಂಚಾಯಿತಿಗಳು ನೋಡಬೇಕು. ಎರಡು ಕೋಡಿಗಳ ನಡುವಿನ ಸುಮಾರು ಒಂಬತ್ತು ದಶಕಗಳಲ್ಲಿ ಈ ಸೀಮೆಯಲ್ಲಿ ಹುಟ್ಟಿ ಬೆಳೆದವರು ಬತ್ತಿದ ಕೆರೆಯನ್ನು, ಮರಳು ಹೊಳೆಯನ್ನು, ಸಾವಿರ ಅಡಿಯ ಕೊಳವೆಬಾವಿಯನ್ನು ಬಲ್ಲರು. ತುಂಬಿದ ನೀರಿನ ನಡತೆಯನ್ನು ಬಲ್ಲವರು ಕಡಿಮೆ. ಅಜ್ಜಂದಿರು ಊರ ಬಾವಿಯಲ್ಲಿ, ಬೆನ್ನಿಗೆ ಸೋರೆ ಬುರುಡೆ ಕಟ್ಟಿಕೊಂಡು ಈಜು ಕಲಿತಿದ್ದರು. ಆ ಬಾವಿಗಳು ಬತ್ತಿದಾಗ ಈಜೂ ಊರಿನಿಂದ ಹೊರಟುಹೋಯಿತು. ಬರದ ನಾಡು ಮಳೆಗಾಗಿ ಹರಕೆ ಹೊರುವುದನ್ನು ಮರೆತಿಲ್ಲ. ಬಂದ ನೀರಿನೊಡನೆ ಬಾಳುವುದನ್ನು ಮರೆತಿದೆ.

ಈ ಮರೆವಿನ ಬೆಲೆಯನ್ನು ಹಳ್ಳಿಗಳು ಈಗಾಗಲೇ ತೆರುತ್ತಿವೆ. ಪ್ಲಾಸ್ಟಿಕ್ ಹೊದಿಕೆಯ ಕೃಷಿಹೊಂಡದ ಅಂಚು ನುಣುಪಾಗಿರುತ್ತದೆ. ಜಾರಿ ಬಿದ್ದವರು ಅದನ್ನು ಹಿಡಿದು ಮೇಲೇರಲಾರರು, ಕೈಚಾಚಿದವರೂ ಜಾರುತ್ತಾರೆ. ಗಣೇಶ ವಿಸರ್ಜನೆಯ ಸಂಜೆ ಕೆರೆಯ ಆಳವರಿಯದೆ ಇಳಿಯುವ ಹುಡುಗರ ವಿಷಯವೂ ಇದೇ. ಆದುದರಿಂದ ಜಲಯಾನವನ್ನು ಒಂದು ದಿನದ ವಿನೋದವೆಂದು ಯೋಜಿಸಬಾರದು. ನೀರಿನ ಪರಿಚಯವನ್ನು ಊರಿಗೆ ಮರಳಿ ತರುವ ಒಂದು ವರ್ಷದ ಕೆಲಸಕ್ಕೆ ಅದು ಕೊನೆಯ ದಿನವಾಗಬೇಕು.

ಸ್ಥಳದ ಆಯ್ಕೆ

ಆಯ್ಕೆಗೆ ಮೂರು ಸ್ಥಳಗಳಿವೆ: ಅಣೆಕಟ್ಟಿನ ಕೆಳಗಿನ ಹೊಳೆ, ಅಣೆಕಟ್ಟಿನ ಸಮೀಪದ ನೀರು, ಹೊಸದುರ್ಗದ ಕಡೆಯ ಹಿನ್ನೀರು.

ಕೆಳಗಿನ ಹೊಳೆಯಲ್ಲಿ ಸಾಗಿದರೆ ಹಿರಿಯೂರು ಪಟ್ಟಣದವರೆಗೆ ಮೆರವಣಿಗೆಯಂತೆ ಹೋಗಬಹುದೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಅಲ್ಲಿ ನೀರು ಬಿಟ್ಟಷ್ಟೇ ಹರಿವು. ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದವರು ಮುಂದಿನ ಹೆಜ್ಜೆಗೆ ತಲೆಯುದ್ದಕ್ಕೆ ಇಳಿಯಬಹುದು. ಇನ್ನು ಬ್ಯಾರೇಜು ಮತ್ತು ಚೆಕ್ ಡ್ಯಾಂಗಳ ಅಪಾಯ ಬೇರೆಯದೇ. ಅಡ್ಡಗಟ್ಟೆಯ ಮೇಲಿಂದ ಧುಮುಕಿದ ನೀರು ಬುಡದಲ್ಲಿ ಉರುಳಿ, ಮೇಲ್ಮೈಯಲ್ಲಿ ಮತ್ತೆ ಗೋಡೆಯ ಕಡೆಗೇ ಮರಳುತ್ತದೆ. ಆ ಸುಳಿಯಲ್ಲಿ ಸಿಕ್ಕವರನ್ನು ಅದು ಹೊರಗೆ ಬಿಡುವುದಿಲ್ಲ. ನಾಲ್ಕು ಅಡಿ ಎತ್ತರದ ಗಟ್ಟೆಯೂ ಒಳ್ಳೆಯ ಈಜುಗಾರರನ್ನು ಹಿಡಿದಿಡಬಲ್ಲದು. ಹರಿವಿನ ವೇಗ ಎರಡು ಪಟ್ಟಾದರೆ ನೀರು ನೂಕುವ ಬಲ ನಾಲ್ಕು ಪಟ್ಟಾಗುತ್ತದೆಂಬುದನ್ನೂ ನೆನಪಿಡಬೇಕು. ಆದುದರಿಂದ ಹೊಸಬರ ತಂಡಕ್ಕೆ ಹರಿಯುವ ಹೊಳೆ ಸಲ್ಲದು.

ಅಣೆಕಟ್ಟಿನ ಸಮೀಪವೂ ಸಲ್ಲದು. ಕಾಲುವೆಯ ತೂಬುಗಳ ಸೆಳೆತ ಮೇಲ್ಮೈಯಲ್ಲಿ ಗೋಚರಿಸುವುದಿಲ್ಲ. ಕೋಡಿಯಂತೂ ಜಲಾಶಯ ತುಂಬಿದೊಡನೆ ತಾನಾಗಿಯೇ ಹರಿಯುತ್ತದೆ.

ಉಳಿದದ್ದು ಹಿನ್ನೀರು. ಅದು ನಿಶ್ಚಲವಾಗಿ ಕಂಡರೂ ತೊಡಕಿಲ್ಲದ್ದಲ್ಲ. ಜಲಾಶಯ ಪೂರ್ಣಮಟ್ಟಕ್ಕೆ ಬಂದಾಗ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಅಂಚಿನ ತೋಟ, ಜಮೀನುಗಳು ನೀರಿನಡಿಯಾದವು. ಬೇಲಿಯ ಕಂಬ, ಮುಳ್ಳುತಂತಿ, ಮರದ ಬೊಡ್ಡೆ, ಬಾವಿಯ ಕಟ್ಟೆ ಇವೆಲ್ಲ ನೀರಿನ ಮೇಲ್ಮೈಯ ಕೆಳಗೆ ಒಂದೆರಡು ಅಡಿಯಲ್ಲಿ ಅಡಗಿರಬಹುದು. ದಾರಿಯನ್ನು ಗುರುತಿಸುವ ಮುನ್ನ ಸ್ಥಳೀಯ ಮೀನುಗಾರರೊಡನೆ ಎರಡು ಬಾರಿ ಸಾಗಿ, ಉದ್ದನೆಯ ಗಳದಿಂದ ಆಳ ಅಳೆದು, ಬಣ್ಣದ ಡಬ್ಬಗಳನ್ನು ತೇಲಿಬಿಟ್ಟು ಗಡಿ ಹಾಕಬೇಕು.

ಇಲ್ಲಿ ತಾಂತ್ರಿಕವಲ್ಲದ ಒಂದು ಮಾತೂ ಇದೆ. ಯಾವ ನೀರಿನ ಮೇಲೆ ಹಬ್ಬ ನಡೆಯುತ್ತದೆಯೋ ಅದರಡಿ ಒಬ್ಬ ರೈತನ ಅಡಿಕೆ, ತೆಂಗು ಇರಬಹುದು. ಆ ಅಂಚಿನ ಗ್ರಾಮಗಳ ಗ್ರಾಮಸಭೆಯಲ್ಲಿ ವಿಷಯವನ್ನು ಮೊದಲು ಮಂಡಿಸಿ, ಅವರ ಒಪ್ಪಿಗೆ ಪಡೆದು, ಅವರಲ್ಲಿಯೇ ಕೆಲವರನ್ನು ಕಾರ್ಯಕ್ರಮದ ಮುಂದಾಳುಗಳನ್ನಾಗಿ ಕರೆಯಬೇಕು. ಒಬ್ಬರ ನಷ್ಟದ ಮೇಲೆ ಮತ್ತೊಬ್ಬರು ಹಾಡುತ್ತ ಸಾಗುವುದು ಏಕೀಕರಣದ ಆಚರಣೆಯಾಗದು.

ದಿನ ಮತ್ತು ಹೊತ್ತು

2026ರ ನವೆಂಬರ್ 1 ಭಾನುವಾರ. ಅಂದು ಪ್ರತಿ ಪಂಚಾಯಿತಿಯಲ್ಲಿ, ತಾಲ್ಲೂಕು ಕೇಂದ್ರದಲ್ಲಿ ಧ್ವಜಾರೋಹಣವಿರುತ್ತದೆ. ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ, ಆರೋಗ್ಯ ಸಿಬ್ಬಂದಿಯೆಲ್ಲರೂ ಅಲ್ಲಿರುತ್ತಾರೆ. ರಕ್ಷಣೆಗೆ ಬೇಕಾದವರು ಬೇರೆಡೆ ಇರುವ ದಿನ ನೀರಿಗಿಳಿಯುವುದು ವಿವೇಕವಲ್ಲ. ನವೆಂಬರ್ 8ರ ಆಸುಪಾಸಿನಲ್ಲಿ ದೀಪಾವಳಿ. ಕನ್ನಡ ನಾಡಿನಲ್ಲಿ ರಾಜ್ಯೋತ್ಸವ ನವೆಂಬರ್ ತಿಂಗಳ ಪೂರ್ತಿ ನಡೆಯುವುದರಿಂದ 15ರ ಭಾನುವಾರವನ್ನು ಮುಖ್ಯ ದಿನವೆಂದೂ, 22ರ ಭಾನುವಾರವನ್ನು ಮೀಸಲು ದಿನವೆಂದೂ ಇಟ್ಟುಕೊಳ್ಳಬಹುದು. ಹಿಂಗಾರು ಮಳೆ ಆಗಲೂ ಬರಬಹುದು. ಆದರೆ ಅಕ್ಟೋಬರಿಗಿಂತ ನಿರಾಳ.

ಹೊತ್ತು ಬೆಳಗ್ಗೆ 7:30ರಿಂದ 10:00. ಬಿಸಿಲೇರಿದಂತೆ ತೆರೆದ ನೀರಿನ ಮೇಲೆ ಗಾಳಿ ಏಳುತ್ತದೆ. ನವೆಂಬರಿನಲ್ಲಿ ಗಾಳಿ ಸಾಮಾನ್ಯವಾಗಿ ಈಶಾನ್ಯದಿಂದ ಬೀಸುತ್ತದೆ. ಹೋಗುವಾಗ ಗಾಳಿಗೆದುರಾಗಿ, ಬರುವಾಗ ಗಾಳಿಯ ಜೊತೆಗೆ ಸಾಗುವಂತೆ ದಾರಿಯನ್ನು ಹಾಕಬೇಕು. ದಣಿದ ತೋಳುಗಳಿಗೆ ಮರಳುವಾಗ ಗಾಳಿಯೇ ನೆರವಾಗುತ್ತದೆ. ಹೊಸಬರು ನಿಂತ ನೀರಿನಲ್ಲಿ ಗಂಟೆಗೆ ಎರಡು, ಮೂರು ಕಿಲೋಮೀಟರಿಗಿಂತ ಹೆಚ್ಚು ಸಾಗಲಾರರು. ದಡದಿಂದ 50 ಮೀಟರಿನೊಳಗೆ, ಒಂದು ಕಿಲೋಮೀಟರ್ ಹೋಗಿ ಒಂದು ಕಿಲೋಮೀಟರ್ ಮರಳುವ ದಾರಿ ಸಾಕು.

ವೇದಿಕೆಯ ಕಾರ್ಯಕ್ರಮ ಯಾನದ ನಂತರವೇ ನಡೆಯಬೇಕು. ಮೊದಲಿಟ್ಟುಕೊಂಡರೆ ಮುಖ್ಯ ಅತಿಥಿಗಳು ತಡವಾಗಿ ಬರುತ್ತಾರೆ, ಭಾಷಣಗಳು ಬೆಳೆಯುತ್ತವೆ, ಹರಿಗೋಲುಗಳು ಗಾಳಿ ಎದ್ದ ಮಧ್ಯಾಹ್ನ ನೀರಿಗಿಳಿಯುತ್ತವೆ. ಇದನ್ನು ತಿಳಿಯಲು ಹವಾಮಾನ ವರದಿ ಬೇಕಿಲ್ಲ. ಪ್ರತಿಯೊಬ್ಬ ಸದಸ್ಯರಿಗೂ ಅನುಭವವಿದೆ.

ಎಣಿಕೆ

ಕಾರವಾರದ ಬಳಿಯ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ 2019ರ ಜನವರಿ 21ರಂದು ಮುಳುಗಿ 16 ಜನ ಪ್ರಾಣ ಕಳೆದುಕೊಂಡರು. 2024ರ ಜನವರಿ 18ರಂದು ಗುಜರಾತಿನ ವಡೋದರಾದ ಹರಣಿ ಕೆರೆಯಲ್ಲಿ ಪ್ರವಾಸಕ್ಕೆ ಬಂದಿದ್ದ 12 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಮುಳುಗಿದರು. ಒಂದು ಸಮುದ್ರ, ಒಂದು ಊರೊಳಗಿನ ಕೆರೆ. ಒಂದು ಹಬ್ಬ, ಒಂದು ಪ್ರವಾಸ. ಎರಡೂ ಕಡೆ ಕೇಳಿಬಂದ ಮಾತು ಒಂದೇ: ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು, ಎಲ್ಲರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಮುಳುಗಿದವರನ್ನು ಆಮೇಲೆ ಎಲ್ಲರೂ ಎಣಿಸುತ್ತಾರೆ. ಹತ್ತುವ ಮುನ್ನ ಎಣಿಸುವುದೇ ಆಡಳಿತ.

ಲೆಕ್ಕವನ್ನು ಹೀಗೆ ಹಾಕಬಹುದು. ನೀರಿಗಿಳಿಯುವ ಭಾಗಿಗಳು 40. ತಾಲ್ಲೂಕಿಗೆ 10 ಜನ. ಹರಿಗೋಲು 8, ಒಂದರಲ್ಲಿ 5 ಭಾಗಿಗಳು, ಒಬ್ಬ ಅಂಬಿಗ. ಅಲ್ಲಿಗೆ 48. ರಕ್ಷಣೆಗೆ ಎರಡು ಯಂತ್ರದೋಣಿಗಳು, ಅವುಗಳಲ್ಲಿ ಇಬ್ಬಿಬ್ಬರು. ನೀರಿನ ಮೇಲೆ ಒಟ್ಟು 52 ಜನ. ಜಾಕೆಟ್ 52 ಅಲ್ಲ, ಹರಿದದ್ದಕ್ಕೂ ಹೊಂದದ್ದಕ್ಕೂ ಬದಲಿ ಕೊಡಲು 58 ಬೇಕು. ಹರಿಗೋಲಿನ ಮಿತಿಯನ್ನು ಅದರ ಅಂಬಿಗನೇ ಹೇಳಬೇಕು. ಅವನು 7 ಎಂದರೆ 6ನ್ನು ಕೂರಿಸಬೇಕು. 5 ಎಂದರೆ ಹರಿಗೋಲುಗಳನ್ನು ಹೆಚ್ಚಿಸಬೇಕೇ ಹೊರತು ಜನರನ್ನು ಒತ್ತರಿಸಬಾರದು.

ದಡದಲ್ಲಿ ಒಂದು ಹಲಗೆ ನಿಲ್ಲಿಸಿ 52 ಮೊಳೆಗಳಿಗೆ ಸಂಖ್ಯೆ ಬರೆದ 52 ಬಿಲ್ಲೆಗಳನ್ನು ನೇತುಹಾಕಬೇಕು. ಜಾಕೆಟ್ ತೊಟ್ಟವರು ತಮ್ಮ ಬಿಲ್ಲೆಯನ್ನು ತೆಗೆದುಕೊಂಡು ಹೋಗಿ, ಮರಳಿದಾಗ ತಮ್ಮ ಕೈಯಿಂದಲೇ ಮತ್ತೆ ನೇತುಹಾಕಬೇಕು. ಒಂದು ಮೊಳೆ ಬರಿದಾಗಿದ್ದರೂ ಊಟದ ಸಾಲು ಆರಂಭವಾಗಬಾರದು. ಇದಕ್ಕೆ ತಂತ್ರಜ್ಞಾನ ಬೇಕಿಲ್ಲ, ಹಲಗೆಯ ಬಳಿ ಬೇರೆ ಕೆಲಸವಿಲ್ಲದ ಒಬ್ಬ ವ್ಯಕ್ತಿ ಬೇಕು.

ಜಾಕೆಟ್ ಕೊಟ್ಟರೆ ಸಾಲದು. ಪಟ್ಟಿಗಳನ್ನು ಬಿಗಿದ ಮೇಲೆ ಹೆಗಲ ಬಳಿ ಹಿಡಿದು ಎತ್ತಿ ನೋಡಬೇಕು. ಅದು ಗದ್ದದವರೆಗೆ ಸರಿದುಬಂದರೆ ಆ ಅಳತೆ ಸರಿಯಿಲ್ಲವೆಂದು ತಿಳಿಯಬೇಕು. ನೀರಿಗಿಳಿಯುವ ಮಹಿಳೆಯರು ಸೀರೆಗಿಂತ ಚೂಡಿದಾರ ತೊಡುವುದು ಸುರಕ್ಷಿತ. ಒದ್ದೆಯಾದ ಸೀರೆ ಕಾಲನ್ನು ಸುತ್ತಿಕೊಳ್ಳುತ್ತದೆ. ಪಂಚೆಗೂ ಇದೇ ಮಾತು. 18 ವರ್ಷದೊಳಗಿನವರು ದಡದಲ್ಲಿಯೇ ಇರಲಿ. ಸ್ಥಾನಗಳಲ್ಲಿ ಅರ್ಧ ಮಹಿಳೆಯರಿಗೆ ಮೀಸಲಿರಲಿ. ಪಂಚಾಯಿತಿಯ ಸದಸ್ಯತ್ವದಲ್ಲಿ ಅರ್ಧವಿರುವವರು ಹರಿಗೋಲಿನಲ್ಲಿಯೂ ಅರ್ಧವಿರಬೇಕು.

ಹರಿಗೋಲು ದುಂಡಗಿರುವುದರಿಂದ ಒಬ್ಬರು ಫೋಟೋಗೆಂದು ಎದ್ದು ನಿಂತರೂ, ಇಬ್ಬರು ಒಂದೇ ಬದಿಗೆ ಸರಿದರೂ ಅಂಚು ನೀರನ್ನು ಮುಟ್ಟುತ್ತದೆ. ಕೇರಳದ ತೇಕ್ಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು ದೊಡ್ಡ ದೋಣಿಯೇ ಮಗುಚಿ 45 ಜನ ತೀರಿಕೊಂಡರು. ಕೂತಲ್ಲಿಯೇ ಕೂರುವುದು ಮೊದಲ ಪಾಠ. ದೊಡ್ಡ ಬಾವುಟವನ್ನು ಹರಿಗೋಲಿಗೆ ಕಟ್ಟಬಾರದು. ಗಾಳಿಗೆ ಅದು ಹಾಯಿಯಂತೆ ವರ್ತಿಸುತ್ತದೆ. ಹಳದಿ, ಕೆಂಪು ಬಾವುಟ ದಡದ ಕಂಬದ ಮೇಲೆ ಎತ್ತರವಾಗಿ ಹಾರಲಿ. ಅದು ಯಾನಕ್ಕೆ ಗಾಳಿಯ ದಿಕ್ಕನ್ನೂ ತೋರಿಸುತ್ತದೆ.

ಅಂಬಿಗರು

ಶರಣ ಅಂಬಿಗರ ಚೌಡಯ್ಯನವರ ಜಯಂತಿಯನ್ನು ಪಂಚಾಯಿತಿ ಕಚೇರಿಗಳಲ್ಲಿ ಪ್ರತಿ ವರ್ಷ ಜನವರಿ 21ರಂದು ಆಚರಿಸಲಾಗುತ್ತದೆ. ಕೂರ್ಮಗಡದ ದುರಂತ ನಡೆದದ್ದೂ ಅದೇ ದಿನಾಂಕದಂದು. ದೋಣಿ ನಡೆಸುವ ಕಾಯಕಕ್ಕೆ ಸಲ್ಲಬೇಕಾದ ಗೌರವವನ್ನು ಈ ಎರಡನ್ನೂ ಒಟ್ಟಿಗೆ ನೆನೆದಾಗ ಸರಿಯಾಗಿ ಅರಿಯಬಹುದು. ಹಿನ್ನೀರಿನಲ್ಲಿ ಬಲೆ ಬೀಸಿ ಬದುಕುವ ಮೀನುಗಾರರಿಗೆ ಯಾವ ಮೂಲೆಯಲ್ಲಿ ಕಂಬವಿದೆ, ಯಾವ ಹೊತ್ತಿಗೆ ಗಾಳಿ ತಿರುಗುತ್ತದೆ ಎಂಬುದು ಗೊತ್ತು. ಅವರು ಯೋಜನೆಯ ಮೊದಲ ಸಭೆಯಲ್ಲಿಯೇ ಇರಬೇಕು. ಕೊನೆಯ ದಿನ ಹರಿಗೋಲು ತರುವವರಾಗಿ ಮಾತ್ರವಲ್ಲ.

ಶಾಲು ಹೊದಿಸಿದರೆ ಕೂಲಿ ಕೊಟ್ಟಂತಾಗುವುದಿಲ್ಲ. ಪೂರ್ವತಯಾರಿಯ ದಿನಗಳಿಗೂ ಸೇರಿಸಿ ಅವರ ದಿನಗೂಲಿಯನ್ನು ಮುಂಚಿತವಾಗಿ ನಿಗದಿಪಡಿಸಿ, ಬ್ಯಾಂಕ್ ಖಾತೆಗೆ ಪಾವತಿಸಬೇಕು. ಭಾಗಿಗಳಿಗೆ ಮಾಡಿಸುವ ಅಪಘಾತ ವಿಮೆಯಲ್ಲಿ ಅವರ ಹೆಸರುಗಳು ಮೊದಲಿರಬೇಕು. ಯಾನ ರದ್ದಾದ ದಿನದ ಕೂಲಿಯೂ ಸಲ್ಲಬೇಕು. ರದ್ದಾದರೆ ಕೂಲಿ ಇಲ್ಲವೆಂದಾದರೆ, ಅಪಾಯವನ್ನು ಕಂಡ ಅಂಬಿಗನಿಗೂ ಅದನ್ನು ಹೇಳಲು ಬಾಯಿ ಬರುವುದಿಲ್ಲ.

ಬೇಡವೆನ್ನುವ ಅಧಿಕಾರ

ಜಲಯಾನದ ಯೋಜನೆಯಲ್ಲಿ ಅತಿ ಮುಖ್ಯ ಹುದ್ದೆ ಘಟ್ಟದ ಹೊಣೆಗಾರನದು. ಆತ ಚುನಾಯಿತ ಪ್ರತಿನಿಧಿಯಾಗಿರಬಾರದು, ಅತಿಥಿಯೂ ಆಗಿರಬಾರದು. ನೀರನ್ನು ಬಲ್ಲ, ತರಬೇತಿ ಪಡೆದ ವ್ಯಕ್ತಿಯಾಗಿರಬೇಕು. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಮಾರ್ಗದರ್ಶನವನ್ನು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಮೂಲಕ ಕೋರಬಹುದು. ಹಿಂದಿನ ಸಂಜೆ 6 ಗಂಟೆಗೆ ಒಮ್ಮೆ, ಅಂದು ಬೆಳಗ್ಗೆ 6:30ಕ್ಕೆ ಮತ್ತೊಮ್ಮೆ ಆತ ತೀರ್ಮಾನ ಹೇಳಬೇಕು. ಅಲೆಗಳ ತುದಿಯಲ್ಲಿ ಬಿಳಿನೊರೆ ಕಂಡರೆ, ಗುಡುಗು ಕೇಳಿದರೆ, ಮಂಜಿನಲ್ಲಿ ದಾರಿಯ ಕೊನೆಯ ಡಬ್ಬ ಕಾಣದಿದ್ದರೆ, ಜಲಾಶಯ ಕೋಡಿಯ ಮಟ್ಟದಲ್ಲಿದ್ದು ಒಳಹರಿವು ಏರುತ್ತಿದ್ದರೆ ಯಾನವಿಲ್ಲ. ಗುಡುಗು ನಿಂತ ಮೇಲೂ 30 ನಿಮಿಷ ಕಾಯಬೇಕು.

ಆ ತೀರ್ಮಾನದ ಮೇಲೆ ಮೇಲ್ಮನವಿ ಇರಕೂಡದು. ಶಾಸಕರು ಬಂದಿದ್ದಾರೆ, ಪತ್ರಿಕೆಯವರು ಕಾಯುತ್ತಿದ್ದಾರೆ, ಊಟಕ್ಕೆ ಹೇಳಿಯಾಗಿದೆ ಎಂಬ ಮಾತುಗಳು ಒಬ್ಬನೇ ನಿಂತವನನ್ನು ಬಗ್ಗಿಸುತ್ತವೆ. ಹೊಣೆಗಾರನ ಮಾತಿಗೆ ಪಂಚಾಯಿತಿಯ ನಿರ್ಣಯದ ಬಲವನ್ನು ಮೊದಲೇ ಕೊಟ್ಟಿದ್ದರೆ ಆತ ಒಬ್ಬನೇ ನಿಲ್ಲಬೇಕಾಗುವುದಿಲ್ಲ. ಯಾನ ರದ್ದಾದರೂ ಹಬ್ಬ ಕೆಡದಂತೆ ದಡದ ಕಾರ್ಯಕ್ರಮ ಸಿದ್ಧವಿರಬೇಕು: ಹಗ್ಗ ಎಸೆಯುವ ಸ್ಪರ್ಧೆ, ಪ್ರಾಣರಕ್ಷಣೆಯ ಪ್ರಾತ್ಯಕ್ಷಿಕೆ, ಅಂಬಿಗರ ಅನುಭವ ಕಥನ, ಸಹಭೋಜನ.

ಅನುಮತಿಗಳ ವಿಷಯ ಸಂಕ್ಷಿಪ್ತವಾಗಿ ಹೀಗಿದೆ. ಜಲಾಶಯದ ಬಳಕೆಗೆ ಜಲಸಂಪನ್ಮೂಲ ಇಲಾಖೆ, ಮೀನುಗಾರರ ಹಿತಕ್ಕೆ ಮೀನುಗಾರಿಕೆ ಇಲಾಖೆ, ಬಂದೋಬಸ್ತಿಗೆ ಪೊಲೀಸ್, ರಕ್ಷಣೆಗೆ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ, ಒಟ್ಟು ಯೋಜನೆಗೆ ತಹಶೀಲ್ದಾರರು ಹಾಗೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ. ಯಂತ್ರದೋಣಿಗಳಿಗೆ ಒಳನಾಡು ಹಡಗುಗಳ ಅಧಿನಿಯಮ, 2021 ಅನ್ವಯವಾಗುತ್ತದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2017ರಲ್ಲಿ ಹೊರಡಿಸಿದ ದೋಣಿ ಸುರಕ್ಷತಾ ಮಾರ್ಗಸೂಚಿಯನ್ನು ಸಮಿತಿಯ ಸದಸ್ಯರೆಲ್ಲರೂ ಓದಿರಬೇಕು. ಒಂದು ಇಲಾಖೆಯ ಲಿಖಿತ ಅನುಮತಿ ಬಾರದಿದ್ದರೂ ಯಾನವನ್ನು ಕೈಬಿಡಬೇಕು. ದೂರವಾಣಿಯಲ್ಲಿ ಸಿಕ್ಕ ಒಪ್ಪಿಗೆ ಅನುಮತಿಯಲ್ಲ.

ಅವಘಡವಾದಲ್ಲಿ

ಮುಳುಗುತ್ತಿರುವವರ ಬಳಿಗೆ ಈಜು ಬಲ್ಲವರೆಂದು ಹಾರಬಾರದು. ಮುಳುಗುವವರು ಸಿಕ್ಕಿದ್ದನ್ನು ಅಪ್ಪಿಕೊಳ್ಳುತ್ತಾರೆ. ಒಬ್ಬರ ಬದಲು ಇಬ್ಬರು ಹೋಗುತ್ತಾರೆ. ಮೊದಲು ಕೂಗು, ಬಳಿಕ ಗಳ ಚಾಚು, ಅದು ತಲುಪದಿದ್ದರೆ ಹಗ್ಗ ಎಸೆ, ಕೊನೆಗೆ ರಕ್ಷಣಾ ದೋಣಿ. 20 ಮೀಟರ್ ಉದ್ದದ, ತೇಲುವ ಹಗ್ಗ ಪ್ರತಿ ಹರಿಗೋಲಿನಲ್ಲಿಯೂ ದಡದ ನಾಲ್ಕು ಕಡೆಯೂ ಇರಬೇಕು. ಹಗ್ಗ ಸಿಗದಲ್ಲಿ ಮುಚ್ಚಳ ಬಿಗಿದ ಖಾಲಿ ಕ್ಯಾನೂ ಒಬ್ಬರನ್ನು ತೇಲಿಸಬಲ್ಲದು.

ಮೇಲೆತ್ತಿದವರನ್ನು ತಲೆಕೆಳಗಾಗಿ ಹಿಡಿಯುವ, ಹೊಟ್ಟೆಯನ್ನು ಒತ್ತಿ ನೀರು ಕಕ್ಕಿಸುವ ರೂಢಿ ಹಳ್ಳಿಗಳಲ್ಲಿದೆ. ಅದು ತಪ್ಪು, ಹೊಟ್ಟೆಯೊಳಗಿನದು ಉಸಿರ್ನಾಳಕ್ಕೆ ಹೋಗುತ್ತದೆ, ಅಮೂಲ್ಯ ನಿಮಿಷಗಳೂ ಕಳೆಯುತ್ತವೆ. ಉಸಿರಾಟವಿಲ್ಲದಿದ್ದರೆ ಅಂಗಾತ ಮಲಗಿಸಿ, ಬಾಯಿಯಿಂದ ಬಾಯಿಗೆ ಉಸಿರು ಕೊಟ್ಟು, ಎದೆಯ ನಡುವೆ 30 ಬಾರಿ ಬಲವಾಗಿ ಒತ್ತಿ, ಮತ್ತೆ 2 ಬಾರಿ ಉಸಿರು ಕೊಡುವ ಕ್ರಮವನ್ನು ಆಂಬುಲೆನ್ಸ್ ಬರುವವರೆಗೆ ನಿಲ್ಲಿಸದೆ ಮುಂದುವರಿಸಬೇಕು. ಇದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಂದ ಪ್ರತಿ ಪಂಚಾಯಿತಿಯ ಕನಿಷ್ಠ ಹತ್ತು ಜನ ಮುಂಚಿತವಾಗಿ ಕಲಿತಿರಬೇಕು. 108ರ ಆಂಬುಲೆನ್ಸ್ ಕರೆದ ಮೇಲೆ ಬರುವಂತಿರಬಾರದು, ಘಟ್ಟದಲ್ಲಿಯೇ ನಿಂತಿರಬೇಕು. ಹಿನ್ನೀರಿನ ಮೂಲೆಗಳಲ್ಲಿ ಮೊಬೈಲ್ ಸಂಕೇತ ಸಿಗದಿರಬಹುದು. ಹಿಂದಿನ ವಾರವೇ ಪರೀಕ್ಷಿಸಿ, ಸಿಗದಿದ್ದಲ್ಲಿ ಪೊಲೀಸರ ವಾಕಿಟಾಕಿಯ ವ್ಯವಸ್ಥೆ ಮಾಡಬೇಕು.

ವೆಚ್ಚ ಮತ್ತು ಉಳಿಕೆ

ಹಣಕಾಸು ಆಯೋಗದ ನಿರ್ಬಂಧಿತ ಅನುದಾನ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲು. ಅದರ ಒಂದು ರೂಪಾಯಿಯೂ ಈ ಕಾರ್ಯಕ್ರಮಕ್ಕೆ ಬಳಕೆಯಾಗಬಾರದು. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಬೀದಿಯಿರುವ ಪಂಚಾಯಿತಿ ಜಲಯಾನಕ್ಕೆ ಹಣ ಕೊಡುವುದು ಸಲ್ಲದು. ಆ ಪಂಚಾಯಿತಿಯ ಸದಸ್ಯರು ವೆಚ್ಚವಿಲ್ಲದೆ ಭಾಗವಹಿಸಲಿ. ಬರ ಘೋಷಣೆಯಾದ ವರ್ಷದಲ್ಲಿ ಯಾನವನ್ನೇ ಕೈಬಿಟ್ಟು ತರಬೇತಿಯನ್ನು ಮಾತ್ರ ಉಳಿಸಿಕೊಳ್ಳುವುದು ಉಚಿತ.

ಪಂದಳಿನ ಬಾಡಿಗೆ ಒಂದು ದಿನದ ಖರ್ಚು. ಜಾಕೆಟ್ ಮತ್ತು ಹಗ್ಗ ಹಲವು ವರ್ಷಗಳ ಆಸ್ತಿ. ಯಾನದ ನಂತರ 58 ಜಾಕೆಟ್‌ಗಳನ್ನು ನಾಲ್ಕು ತಾಲ್ಲೂಕುಗಳಿಗೆ ಹಂಚಿ, ಆಸ್ತಿ ವಹಿಯಲ್ಲಿ ನಮೂದಿಸಿ, ಗಣೇಶ ವಿಸರ್ಜನೆಗೂ ಪ್ರವಾಹದ ಹೊತ್ತಿಗೂ ಕೊಡಬೇಕು. ಪ್ರತಿ ದೊಡ್ಡ ಕೆರೆಯ ಏರಿಯ ಮೇಲೆ ಒಂದು ಕಂಬ, ಕಂಬಕ್ಕೆ ಒಂದು ಹಗ್ಗ, ಒಂದು ತೇಲುಬಳೆ. ಪ್ರತಿ ಕೃಷಿಹೊಂಡದ ಮೂಲೆಯಲ್ಲಿ ಗಂಟು ಹಾಕಿದ ಹಗ್ಗ. ಇಷ್ಟು ಉಳಿದರೆ ಈ ರಾಜ್ಯೋತ್ಸವ ಒಂದು ಬೆಳಗ್ಗೆಗೆ ಮುಗಿಯುವುದಿಲ್ಲ.

2026ರ ನವೆಂಬರಿನ ಹೊತ್ತಿಗೆ ಪಂಚಾಯಿತಿಗಳ ಆಡಳಿತದಲ್ಲಿ ಯಾರೇ ಇರಲಿ, ನಿರ್ಣಯ ಪುಸ್ತಕ ಇದ್ದೇ ಇರುತ್ತದೆ. ಆದುದರಿಂದ ಸಾಮಾನ್ಯ ಸಭೆಯಲ್ಲಿ ಮಂಡಿಸಲು ಅನುಕೂಲವಾಗುವಂತೆ ನಿರ್ಣಯದ ಮಾದರಿಯೊಂದನ್ನು ಇಲ್ಲಿ ಕೊಡಲಾಗಿದೆ. ಅವಶ್ಯಕ ಬದಲಾವಣೆಗಳೊಂದಿಗೆ ಬಳಸಿಕೊಳ್ಳಬಹುದು.

“ಕರ್ನಾಟಕ ಏಕೀಕರಣದ 70ನೇ ವರ್ಷದ ಸ್ಮರಣಾರ್ಥ ನಡೆಯುವ ಸಾಮೂಹಿಕ ಜಲಯಾನದಲ್ಲಿ ಈ ಪಂಚಾಯಿತಿಯು ಕೆಳಗಿನ ಷರತ್ತುಗಳಿಗೊಳಪಟ್ಟು ಭಾಗವಹಿಸಲು ಸಭೆಯು ತೀರ್ಮಾನಿಸಿತು. ಒಂದು, ಎಲ್ಲ ಇಲಾಖೆಗಳ ಲಿಖಿತ ಅನುಮತಿಯೂ ಹಿನ್ನೀರಿನ ಅಂಚಿನ ಗ್ರಾಮಸಭೆಗಳ ಒಪ್ಪಿಗೆಯೂ ಇರತಕ್ಕದ್ದು. ಎರಡು, ಲೈಫ್ ಜಾಕೆಟ್ ತೊಡದ ಯಾರನ್ನೂ, ಅವರು ಯಾವ ಸ್ಥಾನದಲ್ಲಿದ್ದರೂ, ನೀರಿಗಿಳಿಸತಕ್ಕದ್ದಲ್ಲ. ಮೂರು, ಘಟ್ಟದ ಹೊಣೆಗಾರರ ತೀರ್ಮಾನವೇ ಅಂತಿಮ. ನಾಲ್ಕು, ಅಂಬಿಗರ ಕೂಲಿ ಮತ್ತು ವಿಮೆಯನ್ನು ಯಾನ ನಡೆದರೂ ರದ್ದಾದರೂ ಭರಿಸತಕ್ಕದ್ದು. ಐದು, ಖರೀದಿಸಿದ ರಕ್ಷಣಾ ಸಾಮಗ್ರಿಗಳನ್ನು ಆಸ್ತಿ ವಹಿಯಲ್ಲಿ ದಾಖಲಿಸಿ ಗ್ರಾಮದ ಬಳಕೆಗೆ ಉಳಿಸತಕ್ಕದ್ದು. ಆರು, ಹೋದವರ ಮತ್ತು ಮರಳಿದವರ ಸಂಖ್ಯೆಯನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿ ಹೇಳತಕ್ಕದ್ದು.”

ಆರನೆಯ ಷರತ್ತನ್ನು ಓದುವ ದಿನ ಎರಡು ಸಂಖ್ಯೆಗಳೂ ಒಂದೇ ಆಗಿದ್ದಲ್ಲಿ ಹಬ್ಬ ಸಾರ್ಥಕವಾಯಿತೆಂದು ಸಭೆಯು ಟಿಪ್ಪಣಿ ಬರೆಯಬಹುದು. ಯಾನ ರದ್ದಾಗಿ ಎರಡೂ ಸೊನ್ನೆಯಾಗಿದ್ದಲ್ಲಿಯೂ ಅದೇ ಟಿಪ್ಪಣಿ ಸಲ್ಲುತ್ತದೆ.